ಬ್ರಿಡ್ಜ್ ಬಿಟ್ಟು ರೂಟಿಂಗ್‌ಗೆ ಬಂದ ಮೇಲೆ: ಕ್ಯಾಂಪಸ್ ನೆಟ್‌ವರ್ಕ್ ದೋಷ ನಿವಾರಣೆ

ಸೋಮವಾರ ಬೆಳಿಗ್ಗೆ ಬರುವ ಮೊದಲ ಫೋನ್ ಹೆಚ್ಚುಕಡಿಮೆ ಹೀಗೇ ಇರುತ್ತದೆ: "ಸಾರ್, ಇಂಟರ್ನೆಟ್ ಬರ್ತಾ ಇದೆ. ಆದ್ರೆ ಆಫೀಸ್ ಬಿಲ್ಡಿಂಗ್ ಪ್ರಿಂಟರ್‌ಗೆ ಪ್ರಿಂಟ್ ಹೋಗ್ತಿಲ್ಲ. ಶುಕ್ರವಾರದವರೆಗೂ ಚೆನ್ನಾಗೇ ಇತ್ತು."

ಇಡೀ ಕ್ಯಾಂಪಸ್ಸಿನ ಒಂದೇ ದೊಡ್ಡ ಬ್ರಿಡ್ಜ್ ನೆಟ್‌ವರ್ಕನ್ನು (ಎಲ್ಲ ಯಂತ್ರಗಳೂ ಒಂದೇ ತಂತಿಯ ಮೇಲಿದ್ದ ಹಾಗೆ ನೇರವಾಗಿ ಮಾತಾಡುವಂಥದ್ದು) ಕಟ್ಟಡಕ್ಕೊಂದು ಸಬ್‌ನೆಟ್, ಅಂದರೆ ಚಿಕ್ಕ ನೆಟ್‌ವರ್ಕ್, ಅಂತ ಒಡೆದು, ಶನಿವಾರ ರಾತ್ರಿ ನಿದ್ದೆಗೆಟ್ಟು ಅವುಗಳ ನಡುವೆ ರೂಟರ್ ಇಟ್ಟು ರೂಟಿಂಗ್‌ಗೆ ಹಾಕಿ ಬಂದವರಿಗೆ ಮೊದಲು ಅನುಮಾನ ಬರುವುದು ರೂಟರ್ ಮೇಲೆಯೇ. ರೂಟಿಂಗ್ ಟೇಬಲ್ ತೆಗೆದು ನೋಡುತ್ತಾರೆ, ಸರಿಯಾಗಿಯೇ ಇರುತ್ತದೆ. ಮತ್ತೊಮ್ಮೆ ನೋಡುತ್ತಾರೆ. ಕೊನೆಗೆ ರೀಬೂಟ್ ಮಾಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಾನು ಕಂಡ ಮಟ್ಟಿಗೆ ಈ ಬದಲಾವಣೆಯ ನಂತರದ ದೂರುಗಳಲ್ಲಿ ಹೆಚ್ಚಿನವು ರೂಟರ್‌ನವಲ್ಲ, ತುದಿಯಲ್ಲಿ ಕೂತ ಯಂತ್ರದವು. ಬ್ರಿಡ್ಜ್ ಇದ್ದಾಗ ಪ್ರಿಂಟರ್‌ನ ಗೇಟ್‌ವೇ (ತನ್ನ ನೆಟ್‌ವರ್ಕಿನ ಆಚೆಗೆ ಹೋಗುವುದನ್ನು ಒಪ್ಪಿಸಬೇಕಾದ ರೂಟರ್‌ನ ವಿಳಾಸ) ಜಾಗ ಖಾಲಿ ಇದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಅದಕ್ಕೆ ಗೇಟ್‌ವೇ ಬೇಕಾಗಿಯೇ ಇರಲಿಲ್ಲ. ಆ ತಪ್ಪುಗಳೆಲ್ಲ ವರ್ಷಗಟ್ಟಲೆ ಮಲಗಿದ್ದವು. ರೂಟಿಂಗ್ ಬಂದು ಅವನ್ನು ಎಬ್ಬಿಸುತ್ತದೆ, ಅಷ್ಟೆ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ "ರೂಟರ್ ಏನು ಮಾಡುತ್ತಿದೆ" ಅಂತಲ್ಲ. "ಈ ಯಂತ್ರ ಯಾರನ್ನು ತನ್ನ ತಂತಿಯ ಮೇಲೇ ಇದ್ದಾರೆ ಅಂದುಕೊಂಡಿದೆ" ಅಂತ.

ಕೆಳಗಿನ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಹಳೆಯ ನೆಟ್‌ವರ್ಕ್ 10.20.0.0/16, ಗೇಟ್‌ವೇ 10.20.0.1. ಹೊಸದರಲ್ಲಿ ಕಟ್ಟಡಕ್ಕೊಂದು /24: ಆಫೀಸ್ ಕಟ್ಟಡ 10.20.5.0, ಗೇಟ್‌ವೇ 10.20.5.1, ಲ್ಯಾಬ್ ಕಟ್ಟಡ 10.20.37.0, ಗೇಟ್‌ವೇ 10.20.37.1. ವಿಳಾಸಗಳನ್ನು ಮೊದಲಿನಿಂದಲೂ ಕಟ್ಟಡವಾರು ಹಂಚಿದ್ದರಿಂದ ಐಪಿ ಬದಲಿಸುವ ಕೆಲಸವಿಲ್ಲ. ಮಾಸ್ಕ್, ಗೇಟ್‌ವೇ ಎರಡನ್ನೇ ಬದಲಿಸಬೇಕು. (ಯಾವ ವಿಳಾಸಗಳು ತನ್ನ ನೆಟ್‌ವರ್ಕಿನವು ಅಂತ ಯಂತ್ರಕ್ಕೆ ಹೇಳುವುದು ಮಾಸ್ಕ್: /16 ಅಂದರೆ ಮೊದಲ ಎರಡು ಸಂಖ್ಯೆ ಒಂದೇ ಇರುವವರೆಲ್ಲ, /24 ಅಂದರೆ ಮೊದಲ ಮೂರು.) ಈ ಅನುಕೂಲವೇ ಮುಂದೆ ಕಾಟ ಕೊಡುವುದು.

ಒಂದು ಮಿರರ್ ಪೋರ್ಟ್, ನಾಲ್ಕು ಉತ್ತರ

ಲ್ಯಾಬಿನ 10.20.37.14ರಿಂದ ಆಫೀಸಿನ ಪ್ರಿಂಟರ್ 10.20.5.60ಕ್ಕೆ ಪಿಂಗ್ ("ಇದ್ದೀಯಾ?" ಅಂತ ಉತ್ತರ ಕೋರುವ ಸಣ್ಣ ಪ್ಯಾಕೆಟ್) ಹೋಗುತ್ತಿಲ್ಲ ಅಂದುಕೊಳ್ಳಿ. ಮೊದಲು ಪಿಂಗ್ ಹೊರಡುವ ಲ್ಯಾಬ್ ಪಿಸಿಯ ಮಾಸ್ಕ್, ಗೇಟ್‌ವೇ ನೋಡಿ. ಅದು ಅರ್ಧ ನಿಮಿಷದ ಕೆಲಸ. ಅವು ಸರಿ ಇದ್ದರೆ ಅಲ್ಲಿ ಕೂತು ಊಹೆ ಮಾಡಬೇಡಿ, ಎದ್ದು ಆಫೀಸ್ ಕಟ್ಟಡದ ಸ್ವಿಚ್ಚಿನ ಹತ್ತಿರ ಹೋಗಿ. ಪ್ರಿಂಟರ್ ಇರುವ ಪೋರ್ಟನ್ನು ಇನ್ನೊಂದು ಪೋರ್ಟಿಗೆ ಮಿರರ್ ಮಾಡಿ (ಅಲ್ಲಿ ಓಡಾಡುವುದರ ನಕಲು ಇಲ್ಲಿಗೂ ಬರುವ ಹಾಗೆ), ಲ್ಯಾಪ್‌ಟಾಪ್ ಚುಚ್ಚಿ, ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಅಥವಾ ಟಿಸಿಪಿಡಂಪ್ ಓಡಿಸಿ. ಅತ್ತ ಪಿಂಗ್ ನಡೆಯುತ್ತಲೇ ಇರಲಿ.

ಪಿಂಗ್ ಬಂದು ಮುಟ್ಟುವುದು ಕಾಣದಿದ್ದರೆ ತೊಂದರೆ ಬರುವ ದಾರಿಯಲ್ಲಿದೆ. ಆಗ ರೂಟರ್ ನೋಡುವುದು ನ್ಯಾಯ. ಆದರೆ ಸಾಮಾನ್ಯವಾಗಿ ಕೋರಿಕೆ ಬಂದು ಮುಟ್ಟಿರುತ್ತದೆ, ಪ್ರಿಂಟರ್ ಅದನ್ನು ಓದಿಯೂ ಇರುತ್ತದೆ. ಅದರ ಮುಂದಿನ ಸಾಲು ಏನಿದೆ ಅನ್ನುವುದೇ ಮುಖ್ಯ.

ಆ ಸಾಲು "10.20.37.14 ಯಾರು? 10.20.5.60ಕ್ಕೆ ತಿಳಿಸಿ" ಅನ್ನುವ ಎಆರ್‌ಪಿ (ಒಂದು ಐಪಿಯ ಯಂತ್ರದ ಮ್ಯಾಕ್ ವಿಳಾಸ, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ವಿಳಾಸ, ಕೇಳುವ ಕೂಗು) ಆಗಿದ್ದರೆ, ಪ್ರಿಂಟರ್‌ನ ಮಾಸ್ಕ್ ಇನ್ನೂ ಹಳೆಯ 255.255.0.0. 10.20 ಅಂತ ಶುರುವಾಗುವ ಪ್ರತಿಯೊಬ್ಬರೂ ತನ್ನ ಪಕ್ಕದ ಮನೆಯವರು ಅಂದುಕೊಂಡು ತಂತಿಯ ಮೇಲೆ ಕೂಗುತ್ತಿದೆ. ಲ್ಯಾಬಿನ ಪಿಸಿ ಈಗ ರೂಟರ್‌ನ ಆಚೆ ಇದೆ, ಕೂಗು ಅಲ್ಲಿಗೆ ಕೇಳಿಸುವುದಿಲ್ಲ. ಒಂದೊಂದು ಸೆಕೆಂಡಿಗೆ ಅದೇ ಸಾಲು ಮತ್ತೆ ಮತ್ತೆ ಬರುತ್ತಿರುತ್ತದೆ. ಮೊದಲ ಸಲ ನೋಡಿದಾಗ ಸ್ವಲ್ಪ ಪಾಪ ಅನ್ನಿಸುತ್ತದೆ.

ಬದಲಿಗೆ "10.20.0.1 ಯಾರು?" ಅಂತ ಕೇಳುತ್ತಿದ್ದರೆ ಮಾಸ್ಕ್ ಸರಿ ಮಾಡಿದವರು ಗೇಟ್‌ವೇ ಬದಲಿಸಲು ಮರೆತಿದ್ದಾರೆ. (ಹಲವು ಯಂತ್ರಗಳು ತಮ್ಮ ಸಬ್‌ನೆಟ್‌ನ ಆಚೆಯ ಗೇಟ್‌ವೇಯನ್ನು ಒಪ್ಪುವುದೇ ಇಲ್ಲ, ಒಪ್ಪುವಂಥವು ಹೀಗೆ ಸಿಕ್ಕಿಬೀಳುತ್ತವೆ.) ಕೋರಿಕೆ ಬಂದಿದೆ, ಆಮೇಲೆ ಎಆರ್‌ಪಿಯೂ ಇಲ್ಲ, ಉತ್ತರವೂ ಇಲ್ಲ, ಬರೀ ಮೌನ ಅಂದರೆ ಗೇಟ್‌ವೇ ಜಾಗ ಖಾಲಿ ಅಥವಾ 0.0.0.0, ಉತ್ತರ ಯಾವ ಕಡೆ ಕಳಿಸಬೇಕೆಂದು ಅದಕ್ಕೆ ಗೊತ್ತಿಲ್ಲ. ಪಿಂಗ್‌ಗೆ ಉತ್ತರ ಕೊಡದ ಫೈರ್‌ವಾಲ್ ಇದ್ದರೂ ಇದೇ ಮೌನ, ಹಾಗಾಗಿ ಇಲ್ಲಿ ಮಾತ್ರ ಅದೇ ಸಬ್‌ನೆಟ್ಟಿನ ಲ್ಯಾಪ್‌ಟಾಪ್‌ನಿಂದಲೂ ಒಂದು ಪಿಂಗ್ ಹಾಕಿ ನೋಡಿ. ಇನ್ನು ನಾಲ್ಕನೆಯದು, ಉತ್ತರ 10.20.5.1ರ ಮ್ಯಾಕ್ ವಿಳಾಸಕ್ಕೆ ಸರಿಯಾಗಿ ಹೊರಟಿದೆ, ಆದರೂ ಲ್ಯಾಬಿಗೆ ಮುಟ್ಟಿಲ್ಲ. ಆಗ ಪ್ರಿಂಟರ್ ನಿರಪರಾಧಿ. ವಾಪಸ್ ದಾರಿಯಲ್ಲಿ ರೂಟ್ ಇಲ್ಲ, ಇಲ್ಲವೇ ನಡುವೆ ಯಾರೋ ತಡೆಯುತ್ತಿದ್ದಾರೆ.

ಫೋನಿನಲ್ಲಿ ಕೇಳಿದ "ಇಂಟರ್ನೆಟ್ ಬರುತ್ತೆ, ಕ್ಯಾಂಪಸ್ ಒಳಗೇ ಬರಲ್ಲ" ಅನ್ನುವ ವಿಚಿತ್ರ ಲಕ್ಷಣವೂ ಇದರಿಂದಲೇ ಬಿಡಿಸುತ್ತದೆ. ಗೇಟ್‌ವೇ ಹೊಸದು, ಮಾಸ್ಕ್ ಹಳೆಯದು ಇರುವ ಪಿಸಿ ಹೊರಗಿನ ವಿಳಾಸಗಳನ್ನೆಲ್ಲ ಗೇಟ್‌ವೇಗೆ ಕೊಡುತ್ತದೆ, 10.20ರವರನ್ನು ಮಾತ್ರ ತಾನೇ ಹುಡುಕಲು ಹೋಗಿ ಸೋಲುತ್ತದೆ. ದೂರದ ಸರ್ವರ್ ಸಿಗುತ್ತದೆ, ಎದುರಿನ ಕಟ್ಟಡ ಸಿಗುವುದಿಲ್ಲ. ಈ ದೂರು ಕಿವಿಗೆ ಬಿದ್ದ ಕ್ಷಣ ಬೇರೇನೂ ನೋಡದೆ ಮಾಸ್ಕ್ ಕೇಳಿ.

ಈ ಕಾರಣಕ್ಕೇ ನನ್ನನ್ನು ಕೇಳಿದರೆ, ಸಾಧ್ಯವಿದ್ದಾಗ ಹೊಸ ಸಬ್‌ನೆಟ್‌ಗಳನ್ನು ಹಳೆಯ /16ರ ಒಳಗೆ ಇಡಬೇಡಿ, 10.40ಕ್ಕೋ ಬೇರೆಲ್ಲಿಗೋ ಹೋಗಿ. ಐಪಿ ಬದಲಿಸದ ಯಂತ್ರ ಪೂರ್ತಿ ಸತ್ತಿರುತ್ತದೆ, ಅವತ್ತೇ ಗೊತ್ತಾಗುತ್ತದೆ. ಅರ್ಧ ಬದುಕಿರುವ ಯಂತ್ರದಷ್ಟು ಸಮಯ ತಿನ್ನುವುದು ಇನ್ನೊಂದಿಲ್ಲ.

ಗೇಟ್‌ವೇ ಇಲ್ಲದ ಕ್ಯಾಮೆರಾ, ಹಾಜರಾತಿ ಯಂತ್ರ ಇಂಥವುಗಳ ಹತ್ತಿರ ಏಣಿ ಹಾಕಿಕೊಂಡು ಹೋಗುವ ಮೊದಲು ಒಂದು ಉಪಾಯ ಇದೆ. ಅದೇ ಸಬ್‌ನೆಟ್ಟಿನ ಯಾವುದಾದರೂ ಪಿಸಿಗೆ ರಿಮೋಟ್ ಲಾಗಿನ್ ಆಗಿ, ಅಲ್ಲಿಂದ ಕ್ಯಾಮೆರಾದ ವೆಬ್ ಪುಟ ತೆರೆದು ಸರಿಪಡಿಸಿ. ಅಂಥ ಪಿಸಿ ಇಲ್ಲದಿದ್ದರೆ ಕಟ್ಟಡದ ರೂಟರ್‌ನಲ್ಲಿ ಆ ಒಂದು ಐಪಿಗೆ ಹೋಗುವ ಪ್ಯಾಕೆಟ್‌ಗಳಿಗೆ ತಾತ್ಕಾಲಿಕವಾಗಿ ಸೋರ್ಸ್ ನ್ಯಾಟ್ (ಕಳಿಸಿದವರ ವಿಳಾಸದ ಜಾಗದಲ್ಲಿ ರೂಟರ್ ತನ್ನದನ್ನು ಬರೆಯುವುದು) ಹಾಕಿ. ಕ್ಯಾಮೆರಾಕ್ಕೆ ನೀವು 10.20.5.1ರಿಂದಲೇ ಬಂದ ಹಾಗೆ ಕಾಣುತ್ತದೆ, ಉತ್ತರ ಕೊಡುತ್ತದೆ. ಕೆಲಸ ಆದ ಮೇಲೆ ನ್ಯಾಟ್ ತೆಗೆಯಿರಿ.

ಪ್ರಾಕ್ಸಿ ಎಆರ್‌ಪಿ ಎಂಬ ಮುಲಾಮು

ಕೆಲವು ಕಟ್ಟಡಗಳಲ್ಲಿ ಮಾಸ್ಕ್ ತಪ್ಪಿದ್ದರೂ ಎಲ್ಲವೂ ಓಡುತ್ತಿರುತ್ತದೆ. ಸಂತೋಷಪಡಬೇಡಿ. ಆ ಕಟ್ಟಡದ ರೂಟರ್‌ನಲ್ಲಿ ಪ್ರಾಕ್ಸಿ ಎಆರ್‌ಪಿ ಆನ್ ಇರುತ್ತದೆ. ಪ್ರಿಂಟರ್ "10.20.37.14 ಯಾರು?" ಅಂತ ಕೂಗಿದಾಗ, ಅಲ್ಲಿಗೆ ದಾರಿ ಗೊತ್ತಿರುವ ರೂಟರ್ "ನಾನೇ" ಅಂತ ತನ್ನ ಮ್ಯಾಕ್ ವಿಳಾಸ ಕೊಟ್ಟುಬಿಡುತ್ತದೆ. ಇದು ಹೊಸ ಕುತಂತ್ರವೇನಲ್ಲ. ಸಬ್‌ನೆಟ್ ಅಂದರೇನೆಂದೇ ಗೊತ್ತಿಲ್ಲದ ಯಂತ್ರಗಳು ಬಳಕೆಯಲ್ಲಿದ್ದ ಕಾಲಕ್ಕೆ, ಅಂಥವನ್ನು ಮುಟ್ಟದೆ ನೆಟ್‌ವರ್ಕ್ ಒಡೆಯಲಿಕ್ಕೆಂದೇ 1987ರ ಆರ್‌ಎಫ್‌ಸಿ 1027 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಇದನ್ನು ವಿವರಿಸಿತು. ಅಂದರೆ ನಮ್ಮದೇ ಸಮಸ್ಯೆಗೆ ಆಗಿನವರ ಉತ್ತರ. ಸಿಸ್ಕೋ ಐಒಎಸ್‌ನಲ್ಲಿ ಇದು ತಾನಾಗಿಯೇ ಆನ್ ಇರುತ್ತದೆ. ಲಿನಕ್ಸ್ ರೂಟರ್‌ನಲ್ಲಿ ನಾವೇ ಆನ್ ಮಾಡಬೇಕು. ಎರಡೂ ಬಗೆಯ ರೂಟರ್ ಬೆರೆತ ಕ್ಯಾಂಪಸ್ಸಿನಲ್ಲಿ "ಆ ಬಿಲ್ಡಿಂಗಲ್ಲಿ ಬರುತ್ತೆ, ಈ ಬಿಲ್ಡಿಂಗಲ್ಲಿ ಬರಲ್ಲ" ಅನ್ನುವ ದೂರಿಗೆ ಇದೇ ಕಾರಣ.

ಗುರುತಿಸುವುದು ಸುಲಭ. ಯಾವುದೇ ಪಿಸಿಯ ಎಆರ್‌ಪಿ ಟೇಬಲ್ ತೆಗೆಯಿರಿ. ಬೇರೆ ಬೇರೆ ಕಟ್ಟಡಗಳ ಹತ್ತಾರು ಐಪಿಗಳ ಎದುರು ಒಂದೇ ಮ್ಯಾಕ್ ವಿಳಾಸ ಸಾಲಾಗಿ ಕೂತಿದ್ದರೆ ಆ ಪಿಸಿಯ ಮಾಸ್ಕ್ ತಪ್ಪು, ಅದನ್ನು ರೂಟರ್ ಮುಚ್ಚಿಡುತ್ತಿದೆ. ಬದಲಾವಣೆಯ ವಾರದಲ್ಲಿ ಪ್ರಾಕ್ಸಿ ಎಆರ್‌ಪಿ ಬೇಕಂತಲೇ ಆನ್ ಮಾಡಿಟ್ಟುಕೊಳ್ಳುವುದು ತಪ್ಪಲ್ಲ, ನಾನೂ ಮಾಡಿದ್ದೇನೆ. ಆದರೆ ತೆಗೆಯುವ ದಿನವನ್ನು ಅವತ್ತೇ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಇಲ್ಲದಿದ್ದರೆ ಯಾವುದೋ ಭದ್ರತಾ ತಪಾಸಣೆಯವರು ಹೇಳಿದರೆಂದು ಇನ್ಯಾರೋ ಆಫ್ ಮಾಡುತ್ತಾರೆ, ಆಗ ಈ ಕಥೆಯೆಲ್ಲ ಯಾರಿಗೂ ನೆನಪಿರುವುದಿಲ್ಲ.

ಸ್ಪ್ಯಾನಿಂಗ್ ಟ್ರೀ ಬಿಟ್ಟುಕೊಟ್ಟ ಕೇಬಲ್

ನಾನು ಅತಿ ಹೆಚ್ಚು ಹೊತ್ತು ಒದ್ದಾಡಿದ್ದು ಇದರ ಜೊತೆ. ಲ್ಯಾಬ್ ಕಟ್ಟಡದ ಕೆಲವು ಪಿಸಿಗಳು ಬೆಳಿಗ್ಗೆ ಎದ್ದಾಗ 10.20.37ರ ವಿಳಾಸ ಪಡೆಯುತ್ತಿದ್ದವು, ಕೆಲವು 10.20.5ರ ವಿಳಾಸ. ಪಕ್ಕಪಕ್ಕದ ಪಿಸಿಗಳೇ. ರೀಸ್ಟಾರ್ಟ್ ಮಾಡಿದರೆ ಒಮ್ಮೊಮ್ಮೆ ಅದಲುಬದಲು. ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನ ಸ್ಕೋಪ್‌ಗಳನ್ನು (ಸಬ್‌ನೆಟ್‌ಗೊಂದರಂತೆ ಇರುವ ವಿಳಾಸ ಪಟ್ಟಿಗಳನ್ನು) ಮೂರು ಸಲ ಅಳಿಸಿ ಬರೆದೆವು.

ಬ್ರಿಡ್ಜ್ ನೆಟ್‌ವರ್ಕಿನಲ್ಲಿ ಲೂಪ್ ಆಗದಂತೆ ಹೆಚ್ಚುವರಿ ದಾರಿಗಳನ್ನು ಮುಚ್ಚಿಡುವುದು ಸ್ಪ್ಯಾನಿಂಗ್ ಟ್ರೀ. ಅದಕ್ಕಾಗಿ ಸ್ವಿಚ್‌ಗಳು ತಮ್ಮಲ್ಲೊಂದನ್ನು ರೂಟ್ ಬ್ರಿಡ್ಜ್, ಅಂದರೆ ಮುಖ್ಯಸ್ಥ, ಅಂತ ಆರಿಸಿಕೊಳ್ಳುತ್ತವೆ. ಆಮೇಲೆ ಲ್ಯಾಬಿನ ಸ್ವಿಚ್ಚಿನಲ್ಲಿ ಆ ರೂಟ್ ಬ್ರಿಡ್ಜ್ ಯಾರು ಅಂತ ನೋಡಿದರೆ, ಆಫೀಸ್ ಕಟ್ಟಡದ ಸ್ವಿಚ್! ಎರಡು ಕಟ್ಟಡಗಳ ನಡುವೆ ರೂಟಿಂಗ್ ಬಂದ ಮೇಲೆ ಒಂದರ ಸ್ಪ್ಯಾನಿಂಗ್ ಟ್ರೀ ಸಂದೇಶ ಇನ್ನೊಂದಕ್ಕೆ ಹೋಗಲೇಬಾರದು. ಎಲ್ಲೋ ಇನ್ನೂ ಬ್ರಿಡ್ಜ್ ಉಳಿದಿದೆ ಎಂದಾಯಿತು.

ಉಳಿದಿತ್ತು. ಎಷ್ಟೋ ವರ್ಷದ ಹಿಂದೆ ಯಾರೋ ಈ ಎರಡು ಕಟ್ಟಡಗಳ ನಡುವೆ ಹೆಚ್ಚುವರಿ ಫೈಬರ್ ಒಂದನ್ನು ಎಳೆದಿದ್ದರು, ಮುಖ್ಯ ದಾರಿ ಕಡಿದರೆ ಇರಲಿ ಅಂತ. ಅದರಿಂದ ಲೂಪ್ ಆಗುತ್ತಿದ್ದ ಕಾರಣ ಸ್ಪ್ಯಾನಿಂಗ್ ಟ್ರೀ ಅದನ್ನು ಅಷ್ಟೂ ವರ್ಷ ಬ್ಲಾಕ್ ಮಾಡಿಟ್ಟಿತ್ತು. ನಕ್ಷೆಯಲ್ಲೂ ಇರಲಿಲ್ಲ. ನಾವು ಶನಿವಾರ ರಾತ್ರಿ ಮುಖ್ಯ ಲಿಂಕ್‌ಗಳನ್ನು ರೂಟೆಡ್ ಪೋರ್ಟ್ ಮಾಡಿದ ತಕ್ಷಣ ಸ್ಪ್ಯಾನಿಂಗ್ ಟ್ರೀ ಲೆಕ್ಕದಲ್ಲಿ ಲೂಪ್ ಹೋಯಿತು. ಲೂಪ್ ಇಲ್ಲ ಅಂದಮೇಲೆ ಬ್ಲಾಕ್ ಯಾಕೆ? ಅದು ಪೋರ್ಟನ್ನು ತೆರೆಯಿತು. ತನ್ನ ಕೆಲಸ ತಾನು ಕರಾರುವಾಕ್ಕಾಗಿ ಮಾಡಿತು. ನಾವು ಬೇರ್ಪಡಿಸಿದ ಎರಡು ಸಬ್‌ನೆಟ್‌ಗಳನ್ನು ಹಿಂಬಾಗಿಲಿನಿಂದ ಮತ್ತೆ ಒಂದು ಮಾಡಿತು. ಪಿಸಿ ಕೂಗಿದ ಡಿಎಚ್‌ಸಿಪಿ ಕೋರಿಕೆ ಎರಡೂ ಕಟ್ಟಡದ ರಿಲೇಗಳಿಗೆ (ಅದನ್ನು ಸರ್ವರ್‌ಗೆ ದಾಟಿಸುವವುಗಳಿಗೆ) ಕೇಳಿಸುತ್ತಿತ್ತು, ಯಾವ ಉತ್ತರ ಮೊದಲು ಬಂತೋ ಅದು ಗೆದ್ದಿತು.

ಹಾಗಾಗಿ ಈಗ ನನ್ನ ಪದ್ಧತಿ ಇದು. ಕಟ್‌ಓವರ್‌ಗೆ, ಅಂದರೆ ಹೊಸ ವ್ಯವಸ್ಥೆಗೆ ಬದಲಾಯಿಸುವುದಕ್ಕೆ, ಮುಂಚೆ ಬ್ಲಾಕ್ ಆಗಿರುವ ಪ್ರತಿ ಪೋರ್ಟನ್ನೂ ಪಟ್ಟಿ ಮಾಡಿ, ಒಂದೊಂದನ್ನೂ ಶಟ್‌ಡೌನ್ ಮಾಡುವುದು. ಕಟ್‌ಓವರ್ ಆದ ಮೇಲೆ ಪ್ರತಿ ಕಟ್ಟಡದ ಸ್ವಿಚ್ಚನ್ನೂ "ನಿನ್ನ ರೂಟ್ ಬ್ರಿಡ್ಜ್ ಯಾರು" ಅಂತ ಕೇಳುವುದು. ಉತ್ತರ ಅದೇ ಕಟ್ಟಡದ ಸ್ವಿಚ್ ಆಗಿರಬೇಕು. ಐದು ನಿಮಿಷದ ಕೆಲಸ, ನಮಗೆ ಎರಡು ದಿನ ಉಳಿಯುತ್ತಿತ್ತು.

ಇಷ್ಟೆಲ್ಲ ಕಷ್ಟಪಟ್ಟು ಬ್ರಿಡ್ಜ್ ಯಾಕೆ ಬಿಡಬೇಕು ಅಂತ ಮೇಲಿನವರು ಕೇಳಿದರೆ 2002ರ ನವೆಂಬರ್‌ನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯಲ್ಲಿ ಆದದ್ದನ್ನು ಹೇಳಿ. ಬೆಳೆಯುತ್ತಾ ಹೋದ ಬ್ರಿಡ್ಜ್ ನೆಟ್‌ವರ್ಕ್ ಸ್ಪ್ಯಾನಿಂಗ್ ಟ್ರೀ ತಡೆದುಕೊಳ್ಳುವಷ್ಟನ್ನು ಮೀರಿ ಕುಸಿದುಬಿದ್ದು, ವೈದ್ಯರು ದಿನಗಟ್ಟಲೆ ಕಾಗದಕ್ಕೆ ಮರಳಬೇಕಾಯಿತು. ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಈ ಅಲ್ಗಾರಿದಮ್ ಆಧರಿಸಿದ 802.1ಡಿ ಮಾನಕದ ಡೀಫಾಲ್ಟ್ ಸಮಯಗಳನ್ನು ಲೆಕ್ಕ ಹಾಕಿರುವುದೇ ಒಂದು ತುದಿಯಿಂದ ಇನ್ನೊಂದಕ್ಕೆ ಏಳು ಬ್ರಿಡ್ಜ್‌ಗಿಂತ ಹೆಚ್ಚಿರಬಾರದು ಅಂತ.

ವಿಳಾಸವೇ ಬರುವುದಿಲ್ಲ

ಪಿಸಿಗೆ 169.254 ಅಂತ ಶುರುವಾಗುವ ವಿಳಾಸ ಬಂದಿದ್ದರೆ ಡಿಎಚ್‌ಸಿಪಿ ಉತ್ತರ ಸಿಗಲಿಲ್ಲ ಎಂದರ್ಥ. ಕೋರಿಕೆ ಬ್ರಾಡ್‌ಕಾಸ್ಟ್, ಅಂದರೆ ಸಬ್‌ನೆಟ್ಟಿನ ಎಲ್ಲರಿಗೂ ಕೇಳುವ ಕೂಗು, ರೂಟರ್ ದಾಟುವುದಿಲ್ಲ. ಅದನ್ನು ಎತ್ತಿ ಸರ್ವರ್‌ಗೆ ಒಯ್ಯಲು ಪ್ರತಿ ಸಬ್‌ನೆಟ್ಟಿನ ಗೇಟ್‌ವೇಯಲ್ಲೂ ರಿಲೇ ಬೇಕು. ಇದನ್ನು ಎಲ್ಲರೂ ನೆನಪಿಡುತ್ತಾರೆ. ಮರೆಯುವುದು ವಾಪಸ್ ದಾರಿಯನ್ನು. ರಿಲೇ ತನ್ನ ಆ ಸಬ್‌ನೆಟ್ಟಿನ ವಿಳಾಸವನ್ನು, ಅಂದರೆ 10.20.37.1 ಅನ್ನು, ಕೋರಿಕೆಯ ಒಳಗೆ ಬರೆದು ಕಳಿಸುತ್ತದೆ. ಸರ್ವರ್ ಅದನ್ನು ನೋಡಿಯೇ ಯಾವ ಸ್ಕೋಪ್‌ನಿಂದ ವಿಳಾಸ ಕೊಡಬೇಕೆಂದು ನಿರ್ಧರಿಸುತ್ತದೆ, ಉತ್ತರವನ್ನೂ ಅಲ್ಲಿಗೇ ಕಳಿಸುತ್ತದೆ. ಸರ್ವರ್‌ನ ಮಾಸ್ಕೇ ಹಳೆಯ /16 ಆಗಿದ್ದರೆ? ಅದೂ ಪ್ರಿಂಟರ್‌ನ ಹಾಗೆ ತಂತಿಯ ಮೇಲೆ 10.20.37.1 ಅನ್ನು ಕೂಗುತ್ತಾ ಕೂರುತ್ತದೆ. ಇಡೀ ಕ್ಯಾಂಪಸ್ಸಿಗೆ ಸರಿಯಾದ ಮಾಸ್ಕ್ ಹಂಚುವ ಸರ್ವರ್‌ನ ಸ್ವಂತ ಮಾಸ್ಕ್ ತಪ್ಪಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಕೈಯಲ್ಲೇ ಬರೆದಿರುತ್ತಾರಲ್ಲ, ಯಾರ ಪಟ್ಟಿಯಲ್ಲೂ ಬಂದಿರಲಿಲ್ಲ.

ಇನ್ನೊಂದು ನಯವಾದ ದೋಷ ಇದೆ. ಪಿಸಿ ಬೆಳಿಗ್ಗೆ ಚೆನ್ನಾಗಿ ವಿಳಾಸ ಪಡೆಯುತ್ತದೆ, ಆದರೆ ಲೀಸ್ (ಆ ವಿಳಾಸವನ್ನು ಬಳಸಲು ಕೊಟ್ಟ ಅವಧಿ) ನವೀಕರಣ ವಿಫಲವಾಯಿತು ಅಂತ ಲಾಗ್‌ನಲ್ಲಿ ಬರುತ್ತಿರುತ್ತದೆ. ಲೀಸ್ ಅರ್ಧ ಮುಗಿದಾಗ ಪಿಸಿ ರಿಲೇ ಮೂಲಕ ಹೋಗುವುದಿಲ್ಲ, ನೇರವಾಗಿ ಸರ್ವರ್‌ಗೇ ಬರೆಯುತ್ತದೆ. ನಡುವಿನ ಫೈರ್‌ವಾಲ್‌ನಲ್ಲಿ ರಿಲೇಗಳಿಗೆ ಮಾತ್ರ ಯುಡಿಪಿ 67 ಬಿಟ್ಟಿದ್ದರೆ ಆ ನೇರ ಪತ್ರ ಸಾಯುತ್ತದೆ. 87.5 ಶೇಕಡಾ ಮುಗಿದಾಗ ಮತ್ತೆ ಬ್ರಾಡ್‌ಕಾಸ್ಟ್‌ಗೆ ಇಳಿಯುವುದರಿಂದ ರಿಲೇ ಕೈಹಿಡಿಯುತ್ತದೆ, ಬಳಕೆದಾರರಿಗೆ ಏನೂ ಗೊತ್ತಾಗುವುದಿಲ್ಲ. ಕ್ಲೈಂಟ್‌ಗಳಿಗೂ ಆ ಪೋರ್ಟ್ ತೆರೆಯಿರಿ.

ಲೀಸ್ ಅವಧಿಯ ಬಗ್ಗೆ: ವಿಂಡೋಸ್ ಸರ್ವರ್‌ನ ಡೀಫಾಲ್ಟ್ 8 ದಿನ. ಕಟ್‌ಓವರ್‌ಗೆ ಕನಿಷ್ಠ ಅಷ್ಟೇ ದಿನ ಮುಂಚೆ ಅದನ್ನು ಒಂದು ಗಂಟೆಗೆ ಇಳಿಸದಿದ್ದರೆ ಹಳೆಯ ಮಾಸ್ಕ್ ಹೊತ್ತ ಲ್ಯಾಪ್‌ಟಾಪ್‌ಗಳು ವಾರವಿಡೀ ಓಡಾಡುತ್ತಿರುತ್ತವೆ. ಹೊಸ ಸ್ಕೋಪನ್ನು ಹಳೆಯದರಿಂದ ಕಾಪಿ ಹೊಡೆದಿದ್ದರೆ ರೂಟರ್ ಆಯ್ಕೆಯಲ್ಲಿ, ಅಂದರೆ ಆಪ್ಷನ್ 3ರಲ್ಲಿ, 10.20.0.1 ಹಾಗೇ ಉಳಿದಿದೆಯಾ ನೋಡಿ. ಮತ್ತೆ, ಪಿಸಿ ಆನ್ ಆದ ಮೇಲೆ ಅರ್ಧ ನಿಮಿಷ ತಡೆದು ಕೇಬಲ್ ತೆಗೆದು ಹಾಕದೆಯೇ ರಿನ್ಯೂ ಮಾಡಿದರೆ ವಿಳಾಸ ಬರುತ್ತದೆ ಅನ್ನುವುದಾದರೆ ರಿಲೇ ಬಿಡಿ. ಆ ಸ್ವಿಚ್ ಪೋರ್ಟ್ ಹಳೆಯ ಸ್ಪ್ಯಾನಿಂಗ್ ಟ್ರೀಯ 15 ಮತ್ತು 15 ಸೆಕೆಂಡಿನ ಕಾಯುವಿಕೆಯಲ್ಲಿದೆ. ಪಿಸಿ ಪೋರ್ಟ್‌ಗಳಲ್ಲಿ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿ.

ಪಿಂಗ್ ಹೋಗುತ್ತದೆ, ಶೇರ್ ಫೋಲ್ಡರ್ ಇಲ್ಲ

ಅಥವಾ ಪಿಂಗ್ ಕೂಡ ಇಲ್ಲ, ಆದರೆ ಅದೇ ಕಟ್ಟಡದಿಂದ ಎಲ್ಲ ಸರಿ. ಮಾಸ್ಕ್, ಗೇಟ್‌ವೇ ಎರಡೂ ಸರಿ. ವಿಂಡೋಸ್ ಪಿಸಿಯಾದರೆ ಅದರ ಫೈರ್‌ವಾಲ್ ತೆರೆದು ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ನಿಯಮಗಳ ಸ್ಕೋಪ್ ನೋಡಿ. ಪ್ರೈವೇಟ್, ಪಬ್ಲಿಕ್ ಪ್ರೊಫೈಲ್‌ಗಳಲ್ಲಿ ಅವು "ಲೋಕಲ್ ಸಬ್‌ನೆಟ್"ಗೆ ಮಾತ್ರ ಅನುಮತಿ ಕೊಡುತ್ತವೆ. ಮಾಸ್ಕ್ /16 ಇದ್ದಾಗ ಇಡೀ ಕ್ಯಾಂಪಸ್ ಲೋಕಲ್. ನೀವು /24 ಮಾಡಿದ ಕ್ಷಣ ಪಕ್ಕದ ಕಟ್ಟಡ ಹೊರಗಿನವರಾದರು. ಅಂದರೆ ಮಾಸ್ಕ್ ಸರಿಪಡಿಸಿದ್ದರಿಂದಲೇ ಹೊಸ ದೋಷ. ಸ್ಕೋಪ್‌ಗೆ 10.20.0.0/16 ಸೇರಿಸಿ.

ಬ್ರಾಡ್‌ಕಾಸ್ಟ್ ನಂಬಿಕೊಂಡ ಸೇವೆಗಳದ್ದು ದೋಷ ಅನ್ನುವುದಕ್ಕಿಂತ ಸ್ವಭಾವ. ಫೋನಿನಲ್ಲಿ ಪ್ರಿಂಟರ್ ತಾನಾಗಿ ಕಾಣಿಸುವುದು ಎಂಡಿಎನ್‌ಎಸ್‌ನಿಂದ, 224.0.0.251, ಪೋರ್ಟ್ 5353. ಅದು ಲಿಂಕ್ ದಾಟುವ ಹಾಗೆ ಮಾಡಿದ್ದೇ ಅಲ್ಲ. ಹಳೆಯ ನೆಟ್‌ಬಯೋಸ್ ಹೆಸರು ಹುಡುಕಾಟ, ಕ್ಯಾಮೆರಾ ರೆಕಾರ್ಡರ್‌ನ "ಸರ್ಚ್" ಬಟನ್, ವೇಕ್ ಆನ್ ಲ್ಯಾನ್ ಎಲ್ಲ ಇದೇ ಜಾತಿ. ಹೆಸರುಗಳನ್ನು ಡಿಎನ್‌ಎಸ್‌ಗೆ ಹಾಕಿ, ಕ್ಯಾಮೆರಾಗಳನ್ನು ಐಪಿ ಕೊಟ್ಟು ಸೇರಿಸಿ, ತೀರಾ ಬೇಕಾದರೆ ಎಂಡಿಎನ್‌ಎಸ್ ಗೇಟ್‌ವೇ ಇಡಿ. ಇದಕ್ಕಾಗಿ ಮತ್ತೆ ಬ್ರಿಡ್ಜ್ ಮಾಡಿಕೊಡಿ ಎಂದು ಬರುವ ಒತ್ತಡಕ್ಕೆ ಮಣಿಯಬೇಡಿ.

ರೂಟರ್‌ನದೇ ತಪ್ಪು ಇರುವ ಕೆಲವು ಕಡೆ

ಗೇಟ್‌ವೇವರೆಗೆ, ಬೇರೆ ಕಟ್ಟಡಗಳವರೆಗೆ ಸರಿ, ಇಂಟರ್ನೆಟ್ ಮಾತ್ರ ಇಲ್ಲ ಅಂದರೆ ಹೊರಬಾಗಿಲಿನ ಫೈರ್‌ವಾಲ್ ನೋಡಿ. ಅದಕ್ಕೆ ಹೊಸ ಸಬ್‌ನೆಟ್‌ಗಳ ವಾಪಸ್ ರೂಟ್ ಬೇಕು, ನ್ಯಾಟ್ ನಿಯಮದಲ್ಲೂ ಅವು ಇರಬೇಕು. ಹಳೆಯ /16 ಅದರ ಒಳಗಿನ ಇಂಟರ್‌ಫೇಸ್ ಮೇಲೇ ಉಳಿದಿದ್ದರೆ ಅದೂ ಕೂಗುತ್ತಾ ಕೂತಿರುತ್ತದೆ.

ರೂಟರ್‌ಗಳು ದಾರಿಗಳನ್ನು ಪರಸ್ಪರ ತಿಳಿಸಿಕೊಳ್ಳುವ ಓಎಸ್‌ಪಿಎಫ್‌ನಲ್ಲಿ ನೆರೆಹೊರೆ ಎಕ್ಸ್‌ಸ್ಟಾರ್ಟ್ ಎಂಬ ಆರಂಭದ ಹಂತದಲ್ಲೇ ಸಿಕ್ಕಿಕೊಂಡಿದ್ದರೆ ಮೊದಲು ಎರಡೂ ಬದಿಯ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಹೋಲಿಸಿ. ನೆರೆಯೇ ಕಾಣದಿದ್ದರೆ ಹಲೋ ಸಮಯ, ಏರಿಯಾ, ಮಾಸ್ಕ್.

ಎರಡು ನೆಟ್‌ವರ್ಕ್ ಕಾರ್ಡ್ ಇರುವ ಸರ್ವರ್ ಬಗ್ಗೆ ಜಾಗ್ರತೆ. ಒಂದು ಕಾಲು ಆಫೀಸ್ ಸಬ್‌ನೆಟ್ಟಿನಲ್ಲಿ, ಇನ್ನೊಂದು ಲ್ಯಾಬಿನಲ್ಲಿ. ಕೋರಿಕೆ ಒಂದು ಕಡೆಯಿಂದ ಬರುತ್ತದೆ, ಉತ್ತರ ಇನ್ನೊಂದು ಕಡೆಯಿಂದ ಹೊರಡುತ್ತದೆ. ನಡುವೆ ಸ್ಟೇಟ್‌ಫುಲ್ ಫೈರ್‌ವಾಲ್ (ಇಡೀ ಸಂಭಾಷಣೆಯ ಜಾಡು ಇಡುವಂಥದ್ದು) ಇದ್ದರೆ ಅರ್ಧ ಸಂಭಾಷಣೆ ಕಂಡು ಬಿಸಾಡುತ್ತದೆ. ಸರ್ವರ್ ಲಿನಕ್ಸ್ ಆಗಿ ರಿವರ್ಸ್ ಪಾತ್ ಫಿಲ್ಟರ್ (ಪ್ಯಾಕೆಟ್ ಬಂದ ಕಾರ್ಡಿನಿಂದಲೇ ಉತ್ತರವೂ ಹೋಗುತ್ತದೆಯೇ ಅಂತ ನೋಡುವುದು) ಕಟ್ಟುನಿಟ್ಟಾಗಿದ್ದರೆ ಅದು ಬಂದ ಪ್ಯಾಕೆಟನ್ನೇ ತೆಗೆದುಕೊಳ್ಳುವುದಿಲ್ಲ. ಒಂದು ಕಾಲು ತೆಗೆಯುವುದೇ ವಾಸಿ, ರೂಟಿಂಗ್ ಬಂದ ಮೇಲೆ ಅದರ ಅಗತ್ಯವೂ ಇಲ್ಲ.

ಗೇಟ್‌ವೇ ಐಪಿಯನ್ನು ಹೊಸ ಪೆಟ್ಟಿಗೆಗೆ ವರ್ಗಾಯಿಸಿದ್ದರೆ ಹಳೆಯ ಮ್ಯಾಕ್ ವಿಳಾಸ ನೆನಪಿಟ್ಟುಕೊಂಡವರು ಸ್ವಲ್ಪ ಹೊತ್ತು ಅಲೆಯುತ್ತಾರೆ. ಪಿಸಿಗಳು ಬೇಗ ಮರೆಯುತ್ತವೆ. ಸಿಸ್ಕೋ ರೂಟರ್‌ನ ಎಆರ್‌ಪಿ ನೆನಪು ನಾಲ್ಕು ಗಂಟೆ, ಕೈಯಿಂದ ಕ್ಲಿಯರ್ ಮಾಡಿ.

ಉಳಿದವರನ್ನು ಹುಡುಕುವುದು

ದೂರುಗಳು ನಿಂತ ಮೇಲೂ ಹಳೆಯ ಸೆಟ್ಟಿಂಗ್ ಹೊತ್ತ ಯಂತ್ರಗಳು ಇದ್ದೇ ಇರುತ್ತವೆ, ಯಾರೂ ಬಳಸುತ್ತಿಲ್ಲವಾದ್ದರಿಂದ ಯಾರೂ ಹೇಳುವುದಿಲ್ಲ. ಪ್ರಾಕ್ಸಿ ಎಆರ್‌ಪಿ ತೆಗೆಯುವ ಮುಂಚೆ ಪ್ರತಿ ಕಟ್ಟಡದಲ್ಲಿ ಒಂದು ದಿನ ಟಿಸಿಪಿಡಂಪ್ ಓಡಿಸಿ, ಎಆರ್‌ಪಿ ಮಾತ್ರ ಹಿಡಿಯಿರಿ. ಆ ಸಬ್‌ನೆಟ್ಟಿಗೆ ಸೇರದ ಐಪಿಯನ್ನು ಯಾರ್ಯಾರು ಕೇಳಿದರು ಅನ್ನುವುದಷ್ಟೇ ನಿಮಗೆ ಬೇಕು. ಎಆರ್‌ಪಿ ಬ್ರಾಡ್‌ಕಾಸ್ಟ್ ಆದ್ದರಿಂದ ಇದಕ್ಕೆ ಮಿರರ್ ಪೋರ್ಟೂ ಬೇಡ. ಕೇಳಿದವರ ಮ್ಯಾಕ್ ವಿಳಾಸ ಸ್ವಿಚ್ಚಿನ ಟೇಬಲ್‌ನಲ್ಲಿ ಹುಡುಕಿದರೆ ಪೋರ್ಟ್ ಸಿಗುತ್ತದೆ, ಪೋರ್ಟಿನಿಂದ ಕೋಣೆ. ನಾನು ಮೊದಲ ಸಲ ಹೀಗೆ ಮಾಡಿದಾಗ ಆಫೀಸ್ ಕಟ್ಟಡದಲ್ಲಿ ಹನ್ನೊಂದು ಸಿಕ್ಕವು. ಒಂಬತ್ತು ಅವತ್ತೇ ಸರಿಹೋದವು. ಒಂದು ಮೆಟ್ಟಿಲ ಕೆಳಗಿನ ಬೀಗ ಹಾಕಿದ ಕೋಣೆಯಲ್ಲಿದ್ದ ಯುಪಿಎಸ್. ಇನ್ನೊಂದು ಪೋರ್ಟಿನ ಕೇಬಲ್ ಗೋಡೆಯೊಳಗೆ ಹೋಗಿತ್ತು, ಆಚೆ ಕಡೆ ಎಲ್ಲಿ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಶಟ್‌ಡೌನ್ ಮಾಡಿ ಫೋನ್ ಬರುತ್ತದೆಂದು ಕಾದೆ. ಮೂರನೇ ದಿನ ಬಂತು, ಗೇಟಿನ ಹತ್ತಿರದ ಹಾಜರಾತಿ ಯಂತ್ರ.